ಓಡದೆ ನಿಂತ ಜಿಂಕೆ

೧೪ ನವೆಂಬರ್ ೨೦೨೪, ಗುರುವಾರ

ಬೆಳಿಗ್ಗೆ ಹತ್ತು ಗಂಟೆಗೆ ವಿಮಾನ ಪ್ರದರ್ಶನದ ಜೆಟ್ಟುಗಳು ರಿಫಾದ ನಮ್ಮ ಕಟ್ಟಡದ ನೆತ್ತಿಯ ಮೇಲೆಯೇ ಹೋದವು. ಪಕ್ಕದ ಫ್ಲಾಟಿನ ಮಗು ಕಿಟಾರನೆ ಕಿರುಚಿತು. ಮಗಳು ಜ್ಯೋತ್ಸ್ನಾ ಅಡುಗೆಮನೆಯಿಂದ ಓಡಿ ಬಂದು ಅನಿಷಾಳ ಕಿವಿ ಮುಚ್ಚಿದಳು. ಮುಚ್ಚುವ ಅಗತ್ಯವೇ ಇರಲಿಲ್ಲ. ಹತ್ತು ತಿಂಗಳ ನನ್ನ ಮೊಮ್ಮಗಳು ನನ್ನ ಮಡಿಲಲ್ಲಿ ಕೂತು ಚಮಚ ಚೀಪುತ್ತಿದ್ದಳು, ರೆಪ್ಪೆ ಕೂಡ ಅಲುಗಿಸಲಿಲ್ಲ. "ನೋಡು ಮಗಾ, ಎಂತ ಧೈರ್ಯ ಇವಳದ್ದು!" ಎಂದೆ. ಜ್ಯೋತ್ಸ್ನಾ ನಗಲಿಲ್ಲ.

ಊರಿನಲ್ಲಿರುವ ತಂಗಿ ಸುಂದರಿಗೆ ನಲವತ್ತು ವರ್ಷದಿಂದ ಪತ್ರ ಬರೆಯುತ್ತಾ ಬಂದಿದ್ದೇನೆ, ಫೋನು ಬಂದ ಮೇಲೂ ಬಿಟ್ಟಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ಅಕ್ಷರ ಉಳಿದದ್ದೇ ಆ ಪತ್ರಗಳಿಂದ. ಆದರೆ ಅವಳೀಗ ಬರೀ ತಂಗಿಯಲ್ಲ, ಬೀಗಿತ್ತಿಯೂ ಹೌದು. ಅವಳ ಮಗ ಯಶ್ವಂತನಿಗೇ ನನ್ನ ಜ್ಯೋತ್ಸ್ನಾಳನ್ನು ಕೊಟ್ಟದ್ದು. ತಂಗಿಗೆ ಬರೆಯಬಹುದಾದದ್ದೆಲ್ಲ ಬೀಗಿತ್ತಿಗೆ ಬರೆಯಲಾಗುವುದಿಲ್ಲ. ಅದಕ್ಕೆ ಈ ಪುಸ್ತಕ.

ಬುಸೈತೀನಿನ ವರ್ಕ್‌ಶಾಪಿಗೆ ಇವತ್ತು ಹೊಸ ಚರ್ಮ ಬಂತು. ಬಡಗಿಯಾಗಿ ಈ ಅರಬ್ಬರ ನಾಡಿಗೆ ಬಂದ ನಾನು ಸತ್ತ ಪ್ರಾಣಿಗಳಿಗೆ ರೂಪ ಕೊಡುವ ಈ ಕೆಲಸ ಹಿಡಿದು ಮೂವತ್ತು ವರ್ಷವಾಯಿತು. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಕಲಿತದ್ದು. ಇಲ್ಲಿಯ ಬೇಟೆಗಾರರು ಹೊರದೇಶದಲ್ಲಿ ಹೊಡೆದದ್ದನ್ನು ಉಪ್ಪು ಹಾಕಿಸಿ ತರುತ್ತಾರೆ, ನಾನು ತಲೆ ಮತ್ತು ಕುತ್ತಿಗೆಯನ್ನು ಗೋಡೆಗೆ ಹಾಕುವ ಹಾಗೆ ಮಾಡಿಕೊಡುತ್ತೇನೆ. ಆದರೆ ಇಂಥದ್ದನ್ನು ನೋಡಿರಲಿಲ್ಲ. ಕಂದು ಜಿಂಕೆ, ಮೈಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಮಚ್ಚೆಗಳು. ಹಣೆಯಿಂದ ಎರಡೂ ಕಿವಿಯವರೆಗೆ ಪೂರ್ತಿ ಬಿಳಿ.

ಹೊಡೆದವನು ರಾಶಿದ್, ಇಲ್ಲಿಯವನೇ, ನಮ್ಮ ಹಳೆಯ ಗಿರಾಕಿ. ಅವನ ಹಿಂದಿ ಅರಬ್ಬಿ ಕಲಸಿದ ಮಾತನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ಉಸ್ತಾದ್, ಯುರೋಪಿನಲ್ಲಿ ಬೇಲಿ ಹಾಕಿದ ಕಾಡು. ಉಳಿದದ್ದೆಲ್ಲ ಓಡಿದವು. ಇದೊಂದು ನಿಂತಿತು. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ಇದು ಬರೀ ಜಿಂಕೆಯಲ್ಲ, ಜಿಂಕೆಗಳ ಶೇಖ್!"

ಮೂವತ್ತು ದಿನದಲ್ಲಿ, ಊರಿಗೆಲ್ಲ ಒಂದೇ ಎನ್ನುವ ಹಾಗೆ ಆಗಬೇಕಂತೆ.

೧೭ ನವೆಂಬರ್, ಭಾನುವಾರ

ಚರ್ಮ ನೆನೆಸಿ, ಒಳಗಿನ ಮಾಂಸದ ಪೊರೆ ಕೆರೆದೆ. ಕಿವಿಯ ಕೆಲಸವೇ ಕಷ್ಟ. ಕಾಲುಚೀಲ ಒಳಗೆ ಹೊರಗೆ ಮಾಡುವ ಹಾಗೆ ಕಿವಿಯನ್ನು ತುದಿಯವರೆಗೆ ತಿರುಗಿಸಿ ಒಳಗಿನ ಮೃದು ಎಲುಬು ತೆಗೆಯಬೇಕು. ಸ್ವಲ್ಪ ಅವಸರ ಮಾಡಿದರೆ ಹರಿಯುತ್ತದೆ.

ಚರ್ಮದ ಜೊತೆ ಬಂದ ಇದರ ತಲೆಬುರುಡೆಯೂ ವಿಚಿತ್ರ. ಕೆಳದವಡೆ ಎರಡು ಬೆರಳು ಗಿಡ್ಡ, ಮೂಗು ಎಡಕ್ಕೆ ಸೊಟ್ಟ. ತಯಾರಾಗಿ ಬರುವ ಫೋಮಿನ ಅಚ್ಚಿಗೆ ಈ ಮುಖ ಕೂರುವುದೇ ಇಲ್ಲ.

ಪಿಕಪ್ ಓಡಿಸುವ ಅಹ್ಮದ್ ಕುಂಞಿ ಬಾಗಿಲಲ್ಲಿ ನಿಂತು ನೋಡಿದ. ಉಳ್ಳಾಲದವನು, ದಿನಾ ನನ್ನನ್ನು ರಿಫಾದಿಂದ ಕರೆತಂದು ಬಿಡುವವನು.

"ಎಂತ ಮಹಾಬಲಣ್ಣ, ಇದು ಜಿಂಕೆಯಾ ದನವಾ?"

"ಜಿಂಕೆಯೇ ಮಾರಾಯ."

"ಹಾಗಾದ್ರೆ ಇದರ ಅಪ್ಪನ ಹತ್ರ ಒಂದು ಮಾತು ಕೇಳ್ಬೇಕಿತ್ತು."

ನಕ್ಕೆವು. ನಕ್ಕ ಮೇಲೆ ಯಾಕೋ ಕೈ ಓಡಲಿಲ್ಲ. ಬಿಳಿ ಕಿವಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬಂದೆ.

೨೦ ನವೆಂಬರ್, ಬುಧವಾರ

ಬೆಳಿಗ್ಗೆ ಜ್ಯೋತ್ಸ್ನಾ ಕೇಳಿಯೇ ಬಿಟ್ಟಳು. "ಅಪ್ಪ, ಅನಿ ಕರೆದ್ರೆ ತಿರುಗುದಿಲ್ಲ. ಮಿಕ್ಸಿ ಹಾಕಿದ್ರೂ ನೋಡುದಿಲ್ಲ. ನನಗೆ ಹೆದರಿಕೆ ಆಗ್ತದೆ."

"ಆಟದಲ್ಲಿ ಇದ್ದರೆ ನೀನೂ ತಿರುಗುತ್ತಿರಲಿಲ್ಲ," ಎಂದೆ. ಅವಳ ಮುಖ ಹಾಗೇ ಇತ್ತು. ಸರಿ, ಪರೀಕ್ಷೆಯೇ ಮಾಡುವ ಎಂದು ಅನಿಷಾಳನ್ನು ನಾನೇ ಮಾಡಿದ ತೇಗದ ಪುಟ್ಟ ಮಂಚದಲ್ಲಿ ಕೂರಿಸಿದೆ. ಅವಳ ಬೆನ್ನ ಹಿಂದೆ ಹೋಗಿ ಮಂಚದ ಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದೆ.

ತಿರುಗಿದಳು! ನನ್ನನ್ನು ನೋಡಿ ಇದ್ದ ನಾಲ್ಕು ಹಲ್ಲೂ ತೋರಿಸಿ ನಕ್ಕಳು.

ಜ್ಯೋತ್ಸ್ನಾ ಮಗುವನ್ನು ಎತ್ತಿಕೊಂಡು ಅತ್ತಳು. ಸಂಜೆ ಯಶ್ವಂತ್ ಆಫೀಸಿನಿಂದ ಬಂದಾಗ "ಮಾವ, ನೀವು ಡಾಕ್ಟರ್ ಆಗಬೇಕಿತ್ತು," ಎಂದ. ಮೂವರೂ ಚೆನ್ನಾಗಿ ಊಟ ಮಾಡಿದೆವು.

ಮಂಚವಲ್ಲದೆ ಬೇರೆ ಏನನ್ನಾದರೂ ಬಡಿಯಬೇಕೆಂದು ನನಗೆ ಹೊಳೆಯಲಿಲ್ಲ. ಯಾಕೆ ಇದನ್ನು ಬರೆದೆನೋ ಗೊತ್ತಿಲ್ಲ.

೨೪ ನವೆಂಬರ್, ಭಾನುವಾರ

ಸುಂದರಿ ವಿಡಿಯೋ ಕರೆ ಮಾಡಿದ್ದಳು. ಮಗುವಿನ ತಲೆ ತೋರಿಸಿ ಎಂದಳು. ಊರಿನಲ್ಲಿ ಹೆರಿಗೆಯಾಗಿ, ಮೂರು ತಿಂಗಳಿಗೆ ಇಲ್ಲಿಗೆ ಬರುವ ಮೊದಲು ತಲೆ ಬೋಳಿಸಿದ್ದರು. ಈಗ ಕೂದಲು ಚೆನ್ನಾಗಿ ಬಂದಿದೆ. ಹಣೆಯ ಮೇಲೆ ಬೆರಳಗಲಕ್ಕೆ ಬಿಳಿಯೇ ಬಂದಿದೆ.

ಜ್ಯೋತ್ಸ್ನಾ ನಗುತ್ತಾ, "ಅತ್ತೆ, ಎಲ್ಲರೂ ದುಡ್ಡು ಕೊಟ್ಟು ಬಣ್ಣ ಹಾಕಿಸ್ತಾರೆ, ಇವಳಿಗೆ ಫ್ರೀ!" ಎಂದಳು. ಸುಂದರಿ ನಗಲಿಲ್ಲ. ಫೋನು ನನ್ನ ಕೈಗೆ ಬಂದ ಮೇಲೆ ಸ್ವರ ಇಳಿಸಿದಳು. "ಅಣ್ಣ, ನೀವು ನೋಡಿದ್ರಲ್ಲ?"

"ನೋಡಿದೆ."

"ಎಣ್ಣೆ ಹಾಕ್ಲಿಕ್ಕೆ ಹೇಳಿ. ಟೊಪ್ಪಿ ಹಾಕ್ಲಿಕ್ಕೆ ಹೇಳಿ. ಬೇರೆ ಎಂತದೂ ಮಾತಾಡುದು ಬೇಡ."

ಆಯಿತು ಎಂದೆ. ಎಂತದೂ ಮಾತಾಡದೆ ಇರುವುದು ನಮಗಿಬ್ಬರಿಗೆ ಹೊಸತಲ್ಲ.

೨೮ ನವೆಂಬರ್, ಗುರುವಾರ

ಅನಿಷಾಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಜ್ಯೋತ್ಸ್ನಾಳ ಮನಸ್ಸಿಗೆ ಪೂರ್ತಿ ಸಮಾಧಾನ ಆಗಿರಲಿಲ್ಲ. ಅಲ್ಲಿಯ ನರ್ಸ್ ವಿನಿತಾ ಕುಂದಾಪುರದವಳು, ನಮ್ಮ ಮಾತು ಕೇಳಿ ಖುಷಿಪಟ್ಟು ಕನ್ನಡದಲ್ಲೇ ಮಾತಾಡಿದಳು.

"ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿದ್ರಾ?"

"ಇಲ್ಲ. ಯಾರೂ ಹೇಳ್ಲಿಲ್ಲ," ಎಂದಳು ಜ್ಯೋತ್ಸ್ನಾ. "ಮೊನ್ನೆ ಅಪ್ಪ ಮಂಚ ಬಡಿದಾಗ ತಿರುಗಿದ್ಲು."

ವಿನಿತಾ ಎಲ್ಲ ಬರೆದುಕೊಂಡಳು. ಗಂಡ ಹೆಂಡತಿ ಸಂಬಂಧದವರೋ ಎಂದು ಕೇಳಿದಳು. ಸೋದರತ್ತೆಯ ಮಗ ಎಂದಳು ಜ್ಯೋತ್ಸ್ನಾ. ವಿನಿತಾ ತಲೆ ಎತ್ತಿದಳು. "ಮನೆಯಲ್ಲಿ ಯಾರಿಗಾದ್ರೂ ಹುಟ್ಟಿನಿಂದ ಕಿವಿ ಕೇಳದೆ ಇತ್ತಾ? ಅಜ್ಜ, ಅಜ್ಜಿ, ಅವರ ಅಣ್ಣತಮ್ಮಂದಿರು?"

ಜ್ಯೋತ್ಸ್ನಾ ನನ್ನ ಕಡೆ ತಿರುಗಿದಳು.

"ಇಲ್ಲ," ಎಂದೆ.

ಬಾಯಿ ತಾನೇ ಹೇಳಿತು. ಐವತ್ತಮೂರು ವರ್ಷದ ಅಭ್ಯಾಸ.

"ಇದ್ದಿದ್ರೆ ಇವತ್ತೇ ದೊಡ್ಡ ಪರೀಕ್ಷೆಗೆ ಬರೀತಿದ್ದೆವು," ಎಂದಳು ವಿನಿತಾ. "ಮಂಚದ ಶಬ್ದಕ್ಕೆ ತಿರುಗಿದ್ದಾಳೆ ಅಂತೀರಿ. ಮೂರು ತಿಂಗಳು ನೋಡುವ. ಆದ್ರೆ ಅನುಮಾನ ಬಂದ್ರೆ ಕಾಯ್ಬೇಡಿ. ಕೇಳದ ಮಕ್ಕಳಿಗೆ ವರ್ಷದ ಒಳಗೆ ಶುರು ಮಾಡಿದ್ರೆ ಮಾತು ಬರ್ತದೆ. ತಡ ಆದ್ರೆ ಕಷ್ಟ."

ಜನವರಿ ಹತ್ತಕ್ಕೆ ಅನಿಷಾಳಿಗೆ ವರ್ಷ ತುಂಬುತ್ತದೆ. ಕಾರಿನಲ್ಲಿ ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ಯಾಕೆ ಎಣಿಸುತ್ತಿದ್ದೆ? ಮಗು ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

೧ ಡಿಸೆಂಬರ್

ಕೆಲಸ ಆಗಲಿಲ್ಲ. ಎಡಕಿವಿಯ ತುದಿ ಹರಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

೨ ಡಿಸೆಂಬರ್

ಹೊಲಿದೆ. ಕಾಣುವುದಿಲ್ಲ. ನನಗೆ ಕಾಣುತ್ತದೆ.

೫ ಡಿಸೆಂಬರ್, ಗುರುವಾರ

ರಾಶಿದ್ ಬಂದಿದ್ದ. ಚರ್ಮವನ್ನು ಅಚ್ಚಿಗೆ ಏರಿಸಿ, ಮಣ್ಣು ತುಂಬಿ, ಗಾಜಿನ ಕಣ್ಣು ಇಟ್ಟಿದ್ದೆ. ಗಿಡ್ಡ ದವಡೆಗೆ ತಕ್ಕ ಹಾಗೆ ಅಚ್ಚನ್ನೇ ಕೆತ್ತಿ ಸರಿಮಾಡಿದ್ದೆ. ಅವನು ಸುತ್ತು ಬಂದು ನೋಡಿದ.

"ಬಾಯಿ ಸರಿ ಮಾಡಬಹುದಿತ್ತಲ್ಲ?"

"ಮಾಡಬಹುದಿತ್ತು. ಆಗ ಇದು ಬೇರೆ ಜಿಂಕೆ."

"ಸರಿ, ಇರಲಿ. ಕಿವಿ ಮಾತ್ರ ಮುಂದಕ್ಕೆ ನಿಲ್ಲಿಸು, ಉಸ್ತಾದ್. ನನ್ನ ಹೆಜ್ಜೆ ಕೇಳಿಸಿಕೊಂಡು ನಿಂತ ಹಾಗೆ."

ಚಹಾ ಹಿಡಿದು ಬಂದ ಅಹ್ಮದ್ ಕುಂಞಿ, ಇಲ್ಲಿ ಧಣಿಗಳನ್ನು ಕರೆಯುವ ಹಾಗೆ ಕರೆದು ಕೇಳಿದ, "ಎಷ್ಟು ದೂರದಲ್ಲಿತ್ತು ಅರ್ಬಾಬ್?"

"ನಲವತ್ತು ಹೆಜ್ಜೆ."

"ನಲವತ್ತು ಹೆಜ್ಜೆಗೆ ನಮ್ಮೂರ ಕೋಳಿಯೂ ಓಡ್ತದೆ!"

ರಾಶಿದ್ ನಗುತ್ತಾನೆ ಎಂದುಕೊಂಡೆ. ಅವನು ಸ್ಟೂಲಿನ ಮೇಲೆ ಕೂತ. ಬಹಳ ಹೊತ್ತು ಚಹಾದ ಲೋಟ ತಿರುಗಿಸಿದ. ಆಮೇಲೆ ಹೇಳಿದ ಕಥೆ ಹೋದ ತಿಂಗಳು ಹೇಳಿದ್ದಲ್ಲ. ಜೊತೆಗೆ ಇರ್ಷಾದ್ ಇದ್ದನಂತೆ, ಅವನ ಕಂಪನಿಯ ಮ್ಯಾನೇಜರ್, ಚಿಕ್ಕಂದಿನ ಸ್ನೇಹಿತನ ಹಾಗೆ. ಜಿಂಕೆಯನ್ನು ನೋಡಿದ ಕೂಡಲೆ ಇರ್ಷಾದ್, "ಇದನ್ನು ಬಿಡು, ಇಷ್ಟು ಚೆಂದದ್ದನ್ನು ಹೊಡೀಬೇಡ," ಎಂದನಂತೆ. ರಾಶಿದ್ ಬಂದೂಕು ಇಳಿಸಲಿಲ್ಲ. ಇರ್ಷಾದ್ ಎದ್ದು ನಿಂತು ಚಪ್ಪಾಳೆ ತಟ್ಟಿ, ಓಡು ಓಡು ಎಂದು ಬೊಬ್ಬೆ ಹಾಕಿದ. ಕಾಡಿಗೆ ಕಾಡೇ ಓಡಿತು. ಈ ಜಿಂಕೆ ಹುಲ್ಲಿನಿಂದ ಮುಖ ಎತ್ತಿ, ಓಡುತ್ತಿರುವ ತನ್ನವರನ್ನು ನೋಡಿ, ಆಮೇಲೆ ಇವರನ್ನು ನೋಡಿತು. ಅಷ್ಟೇ.

"ಅಲ್ಲಿಯ ಗೈಡ್ ಏನಂದ ಗೊತ್ತಾ? ನಾಲ್ಕೇ ಜಿಂಕೆಯಿಂದ ಬೆಳೆಸಿದ ಹಿಂಡಂತೆ. ಬೇಲಿಯೊಳಗೆ ಅವವೇ ಕೂಡಿ ಕೂಡಿ ವರ್ಷಕ್ಕೆ ಒಂದೆರಡು ಇಂಥವು ಹುಟ್ಟುತ್ತವಂತೆ. ದವಡೆ ಸೊಟ್ಟ, ಕಾಲು ಸೊಟ್ಟ. ಇರ್ಷಾದ್ ಈಗ ನನ್ನ ಜೊತೆ ಕೂತು ಊಟ ಮಾಡುವುದಿಲ್ಲ, ಉಸ್ತಾದ್. ಅಷ್ಟು ಬೊಬ್ಬೆ ಹಾಕಿದರೂ ಅದು ಯಾಕೆ ಓಡಲಿಲ್ಲ?"

"ಅದಕ್ಕೆ ಕೇಳಿಸಲಿಲ್ಲ," ಎಂದೆ.

"ಏನು?"

"ಅದಕ್ಕೆ ಕಿವಿ ಕೇಳುತ್ತಿರಲಿಲ್ಲ."

ರಾಶಿದ್ ಎದ್ದು ಬಂದು ಬಿಳಿ ಕಿವಿಯ ಮೇಲೆ ಬೆರಳಿಟ್ಟ. "ನಾನು ಧೈರ್ಯ ಅಂದುಕೊಂಡೆ," ಎಂದ.

 

೬ ಡಿಸೆಂಬರ್, ಶುಕ್ರವಾರ

ರಜೆ. ಎಲ್ಲರೂ ಮಲಗಿರುವಾಗ ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ. ಈ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ, ಸುಂದರಿಗೆ ಬರೆದ ಪತ್ರಗಳಲ್ಲೂ.

ವಾಸು.

ನನಗಿಂತ ಮೂರು ವರ್ಷ ಚಿಕ್ಕವನು. ಹಣೆಯ ಮೇಲೆ ಬೆರಳಗಲ ಬಿಳಿ ಕೂದಲು. ದೈವ ಮುಟ್ಟಿದ ಗುರುತು ಎಂದು ಅಮ್ಮ ನೆರೆಯವರಿಗೆ ಹೇಳುತ್ತಿದ್ದಳು. ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಮುಖದಲ್ಲೇ ಎಲ್ಲ ಮಾತಾಡುತ್ತಿದ್ದ.

ನನಗೆ ಹದಿನಾಲ್ಕು, ಅವನಿಗೆ ಹನ್ನೊಂದು. ಹೈವೇಯ ತಿರುವಿನಲ್ಲಿ ಅವನು ಮುಂದೆ, ನಾನು ಹಿಂದೆ. ಬಿದ್ದ ಗೇರುಹಣ್ಣು ಹೆಕ್ಕಲು ಅವನು ರಸ್ತೆಯ ನಡುವಿಗೆ ಹೋದ. ಮರ ತುಂಬಿದ ಲಾರಿ ಬಂತು. ನಮ್ಮ ನಡುವೆ ಹತ್ತು ಹೆಜ್ಜೆ. ಓಡಿದ್ದರೆ ಅಂಗಿಯಾದರೂ ಕೈಗೆ ಸಿಗುತ್ತಿತ್ತು. ನಾನು ನಿಂತಲ್ಲೇ ನಿಂತು "ವಾಸೂ" ಎಂದು ಕೂಗಿದೆ. ಎರಡು ಸಲ ಕೂಗಿದೆ. ಹನ್ನೊಂದು ವರ್ಷ ಒಂದೇ ಚಾಪೆಯಲ್ಲಿ ಮಲಗಿದವನು, ಅವನಿಗೆ ಕೇಳುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತು ಹೋಗಿತ್ತು.

ಅವನು ಹೋದ ಮೇಲೆ ಮನೆಯಲ್ಲಿ ಅವನ ಹೆಸರೂ ನಿಂತಿತು. ಜ್ಯೋತ್ಸ್ನಾಳಿಗೂ ಯಶ್ವಂತನಿಗೂ ಮದುವೆ ನಿಶ್ಚಯ ಮಾಡುವಾಗ ಸುಂದರಿ ಒಮ್ಮೆ ನನ್ನ ಮುಖ ನೋಡಿದ್ದಳು. ನಾನು ಬೇರೆ ಕಡೆ ನೋಡಿದ್ದೆ. ಮಾತು ಅಷ್ಟರಲ್ಲೇ ಮುಗಿದಿತ್ತು.

ಅಮ್ಮ ವಾಸುವನ್ನು ಕರೆಯುತ್ತಿದ್ದದ್ದು ಕಾಲಿನಿಂದ. ಉಪ್ಪರಿಗೆಯ ಹಲಗೆಯ ಮೇಲೆ ಹಿಮ್ಮಡಿಯಿಂದ ಎರಡು ಸಲ ಕುಟ್ಟಿದರೆ, ಅವನು ಆ ಮೂಲೆಯಲ್ಲಿ ಕೂತಿದ್ದರೂ ತಟ್ಟನೆ ತಿರುಗುತ್ತಿದ್ದ. ಹಲಗೆ ಅವನ ಮೈಗೆ ಹೇಳುತ್ತಿತ್ತು.

ಅನಿಷಾಳ ಮಂಚವೂ ಮರದ್ದು.

೭ ಡಿಸೆಂಬರ್, ಶನಿವಾರ

ಸುಂದರಿಗೆ ಫೋನು ಮಾಡಿದೆ. ವಾಸುವಿನ ಹೆಸರು ಎತ್ತಿದೆ.

"ಬೇಡ ಅಣ್ಣ. ನಮ್ಮಿಬ್ಬರ ಹಟದಿಂದ ಆದ ಮದುವೆ. ನಾಳೆ ಯಶ್ವಂತ ನನ್ನ ಮುಖ ನೋಡ್ತಾನಾ? ಜ್ಯೋತ್ಸ್ನಾ ನಿಮ್ಮ ಮುಖ ನೋಡ್ತಾಳಾ?"

"ಇನ್ನು ಒಂದು ತಿಂಗಳು ಉಂಟು ಸುಂದರಿ. ಆಮೇಲೆ ಕಷ್ಟ ಅಂದಿದ್ದಾಳೆ ನರ್ಸು."

"ಎಲ್ಲ ಮಕ್ಕಳೂ ಒಂದೇ ಸಲ ತಿರುಗ್ತಾವಾ? ಸ್ವಲ್ಪ ಕಾದು ನೋಡಿ. ನಿಮ್ಮ ಕಾಲಿಗೆ ಬೀಳ್ತೇನೆ."

"ನಾನು ಆಗ್ಲೂ ನಿಂತೇ ಇದ್ದೆ, ಸುಂದರಿ. ಕೂಗ್ತಾ ನಿಂತಿದ್ದೆ. ಈಗ ಕೂಗುದೂ ಬೇಡ ಅಂತ ಹೇಳ್ತಾ ಇದ್ದಿ ನೀನು."

ಫೋನು ಇಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಲಾರಿ ಹೋದ ಮೇಲೆ ಚೆಲ್ಲಿದ ಗೇರುಹಣ್ಣನ್ನು ಲಂಗದಲ್ಲಿ ಹೆಕ್ಕಿ ತಂದವಳು ಅವಳು, ಆರು ವರ್ಷದವಳು.

೮ ಡಿಸೆಂಬರ್, ಭಾನುವಾರ

ಹೇಳಿದೆ.

ಬೆಳಿಗ್ಗೆ ಏಳು ಗಂಟೆ. ಯಶ್ವಂತ್ ಶೂ ಹಾಕುತ್ತಿದ್ದ, ಕೂತುಕೋ ಎಂದೆ. ಮೊದಲು ಬಾಯಲ್ಲಿ ಹೇಳಲಿಲ್ಲ. ಮಗುವನ್ನು ಟೈಲ್ಸ್ ನೆಲದ ಮೇಲೆ ಚಾಪೆ ಹಾಸಿ ಕೂರಿಸಿದೆ. ಅವಳ ಬೆನ್ನ ಹಿಂದೆ, ಮಂಚ ಮುಟ್ಟದೆ, ಸ್ಟೀಲಿನ ತಟ್ಟೆಯನ್ನು ಸೌಟಿನಿಂದ ಬಡಿದೆ. ಯಶ್ವಂತ್ ಬೆಚ್ಚಿಬಿದ್ದ. ಮಗು ಚಾಪೆಯ ನೂಲು ಎಳೆಯುತ್ತಿತ್ತು. ಮತ್ತೆ ಬಡಿದೆ. ನೂಲು ಬಾಯಿಗೆ ಹಾಕಿತು.

ಆಮೇಲೆ ವಾಸುವಿನ ಕಥೆ ಹೇಳಿದೆ, ಗೇರುಹಣ್ಣಿನವರೆಗೆ.

ಜ್ಯೋತ್ಸ್ನಾ ಮಗುವಿನ ಬಾಯಿಂದ ನೂಲು ತೆಗೆದಳು. ಆಮೇಲೆ, "ಕ್ಲಿನಿಕ್ಕಲ್ಲಿ ಅವಳು ಕೇಳಿದಾಗ ನಾನು ನಿಮ್ಮ ಮುಖ ನೋಡಿದೆ, ಅಪ್ಪ. ನಿಮ್ಮ ಮುಖ ನೋಡಿ ನಂಬಿದೆ," ಎಂದಳು.

"ಹೌದು."

"ಹತ್ತು ದಿನ. ಹತ್ತು ದಿನ ನೀವು ಇವಳನ್ನು ಮಡಿಲಲ್ಲಿ ಇಟ್ಟು ಆಡಿಸಿದ್ರಿ."

"ಜ್ಯೋ, ಸಾಕು," ಎಂದ ಯಶ್ವಂತ್.

"ಎಂತ ಸಾಕು? ನಿಮ್ಮ ಅಮ್ಮನಿಗೂ ಗೊತ್ತಿತ್ತು!"

ಅವನು ಗೋಡೆಗೆ ತಲೆ ಒರಗಿಸಿ ಕೂತ. ಅವಳು ಮಗುವನ್ನು ಎತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಹಿಂದಿನಿಂದ ಅವಳು ಕ್ಲಿನಿಕ್ಕಿನವರ ಜೊತೆ ಮಾತಾಡುವುದು ಕೇಳುತ್ತಿತ್ತು. "ಉಂಟಂತೆ. ಮನೆಯಲ್ಲಿ ಒಬ್ಬರಿಗೆ ಇತ್ತಂತೆ. ಅಜ್ಜನ ತಮ್ಮ." ನನ್ನ ಮಗಳ ಬಾಯಿಂದ ವಾಸುವಿನ ಸುದ್ದಿ ಮೊದಲ ಸಲ ಕೇಳಿದೆ.

ದಿನವಿಡೀ ಅನಿಷಾಳನ್ನು ನನ್ನ ಕೈಗೆ ಕೊಡಲಿಲ್ಲ. ಸರಿಯೇ.

೧೯ ಡಿಸೆಂಬರ್, ಗುರುವಾರ

ಮಗುವನ್ನು ಮಲಗಿಸಿ, ತಲೆಗೆ ವಯರು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ.

ಸದ್ಯಕ್ಕೆ ಕಿವಿಗೆ ಹಾಕುವ ಯಂತ್ರ, ಆಮೇಲೆ ಆಪರೇಷನ್ ಮಾಡುವ ಬಗ್ಗೆ ನೋಡುತ್ತಾರಂತೆ. ಕೈಸನ್ನೆಯನ್ನು ಮನೆಯವರೆಲ್ಲ ಇವತ್ತಿನಿಂದಲೇ ಕಲಿಯಬೇಕಂತೆ. "ಮೂರು ತಿಂಗಳು ಕಾಯದೆ ಬಂದದ್ದು ಒಳ್ಳೆಯದಾಯಿತು," ಎಂದರು ಡಾಕ್ಟರು. ಜ್ಯೋತ್ಸ್ನಾ ನೆಲ ನೋಡುತ್ತಿದ್ದಳು.

ಕಾರಿನಲ್ಲಿ ಮನೆಗೆ ಹೊರಟೆವು. ಜುಫೈರಿನ ಸಿಗ್ನಲ್ಲಿನಲ್ಲಿ ನಿಂತಾಗ ಜ್ಯೋತ್ಸ್ನಾ ಹಿಂದೆ ತಿರುಗಿ, "ಅಪ್ಪ, ಅವರು ಹೇಗಿದ್ರು? ವಾಸು ಚಿಕ್ಕಪ್ಪ?" ಎಂದು ಕೇಳಿದಳು.

"ಕಳ್ಳ," ಎಂದೆ. "ನನ್ನ ಪಾಲಿನ ಬೆಲ್ಲ ತಿಂದು, ಕೇಳಿಸದವನ ಹಾಗೆ ಕೂರುತ್ತಿದ್ದ."

ಯಶ್ವಂತ್ ಮೊದಲು ನಕ್ಕ. ಆಮೇಲೆ ಅವಳು.

ಸಂಜೆ ಸುಂದರಿಯ ವಿಡಿಯೋ ಕರೆ. ಯಶ್ವಂತ್ ತೆಗೆಯುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿ, ತೆಗೆದ. ಅವಳು ಅವನ ಹತ್ತಿರವೂ ಮಾತಾಡಲಿಲ್ಲ, ನನ್ನ ಹತ್ತಿರವೂ ಮಾತಾಡಲಿಲ್ಲ. ಮಗು ಕಂಡ ಕೂಡಲೆ ಎರಡೂ ಕೈ ಎತ್ತಿ ಬೀಸತೊಡಗಿದಳು, ಗದ್ದೆಯ ಅಂಚಿನಿಂದ ವಾಸುವಿಗೆ ಬೀಸುತ್ತಿದ್ದ ಹಾಗೆಯೇ.

೨೬ ಡಿಸೆಂಬರ್, ಗುರುವಾರ

ಹನ್ನೆರಡು ದಿನ ತಡವಾಗಿ ಜಿಂಕೆ ಮುಗಿಯಿತು. ರಾಶಿದ್ ಕರೆದ ಕೂಡಲೆ ಬಂದ.

ಕಿವಿಗಳನ್ನು ಮುಂದಕ್ಕೆ ನಿಲ್ಲಿಸಿರಲಿಲ್ಲ. ಎರಡನ್ನೂ ಸಡಿಲವಾಗಿ ಪಕ್ಕಕ್ಕೆ ಬಿಟ್ಟಿದ್ದೆ, ಯಾವುದಕ್ಕೂ ಕಾಯದ ಕಿವಿಗಳು. ಎಚ್ಚರವನ್ನೆಲ್ಲ ಕಣ್ಣಿಗೆ ಕೊಟ್ಟಿದ್ದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಎದುರಿಗೆ ನಿಂತ, ಮತ್ತೆ ಎರಡು ಹೆಜ್ಜೆ ಹಿಂದೆ ಹೋಗಿ ನಿಂತ.

"ಹೀಗೇ ನೋಡಿತ್ತು," ಎಂದ. "ಹೆದರಿಕೆಯೇ ಇಲ್ಲ."

"ಹೆದರಬೇಕು ಅಂತ ಅದಕ್ಕೆ ಯಾರೂ ತಿಳಿಯುವ ಹಾಗೆ ಹೇಳಲಿಲ್ಲ."

ಅಹ್ಮದ್ ಕುಂಞಿ ಪಿಕಪ್ಪಿಗೆ ಹಾಕಲು ಬಂದರೆ ರಾಶಿದ್ ಬೇಡ ಎಂದ. ಬಟ್ಟೆ ಹೊದಿಸಿ, ತಾನೇ ಎತ್ತಿ ತನ್ನ ಕಾರಿನ ಮುಂದಿನ ಸೀಟಿನಲ್ಲಿ ಇಟ್ಟುಕೊಂಡ. ಇರ್ಷಾದನ ಮನೆಗೆ ಹೋಗುತ್ತೇನೆ ಎಂದ.

"ಸೀಟ್ ಬೆಲ್ಟ್ ಹಾಕಿ ಅರ್ಬಾಬ್, ಜಿಂಕೆಗೆ," ಎಂದ ಅಹ್ಮದ್ ಕುಂಞಿ. ರಾಶಿದ್ ನಿಜವಾಗಿಯೂ ಹಾಕಿದ.

೨೮ ಡಿಸೆಂಬರ್, ಶನಿವಾರ

ವರ್ಕ್‌ಶಾಪಿನಲ್ಲಿ ಉಳಿದ ತೇಗದ ಹಲಗೆಗಳನ್ನು ಅಹ್ಮದ್ ಕುಂಞಿ ಮನೆಗೆ ತಲುಪಿಸಿದ. ಮೂರು ದಿನ ಕೂತು ಹತ್ತರಿ ಹೊಡೆದು ನುಣುಪು ಮಾಡಿ ಜೋಡಿಸಿದ್ದೆ. ಬಾಗಿಲಿನಿಂದ ಕಿಟಕಿಯವರೆಗೆ ಹಾಲಿನ ನೆಲ ಪೂರ್ತಿ ಮುಚ್ಚುವಷ್ಟು, ಕೆಳಗೆ ಅಂಗುಲದೆತ್ತರ ಪಟ್ಟಿ ಕೊಟ್ಟು.

"ಮನೆ ಓನರ್ ನೋಡಿದ್ರೆ ನಮ್ಮನ್ನು ಹೊರಗೆ ಹಾಕ್ತಾನೆ ಮಾವ," ಎಂದ ಯಶ್ವಂತ್. ಎನ್ನುತ್ತಲೇ ಇನ್ನೊಂದು ತುದಿ ಹಿಡಿದ.

ಎಲ್ಲ ಕೂರಿಸಿದ ಮೇಲೆ ಅನಿಷಾಳನ್ನು ಕಿಟಕಿಯ ಹತ್ತಿರ ಬಿಟ್ಟೆವು. ಅವಳು ಬಿಸಿಲಿನ ಕಡೆ ಮುಖ ಮಾಡಿ, ಹಳೆಯ ಚಮಚ ಹಿಡಿದು ಕೂತಳು. ಟೊಪ್ಪಿ ಹಾಕಿರಲಿಲ್ಲ. ಬಿಳಿ ಕೂದಲ ಮೇಲೆ ಬಿಸಿಲು ಬಿದ್ದಿತ್ತು.

ನಾನು ಬಾಗಿಲ ಹತ್ತಿರ ನಿಂತು ಚಪ್ಪಲಿ ಕಳಚಿದೆ. ಕಾಲು ಎತ್ತಿದವನು ಇಳಿಸಿದೆ. ಜ್ಯೋತ್ಸ್ನಾ ಪಕ್ಕದಲ್ಲೇ ಇದ್ದಳು.

"ನೀನು ಕರೆ ಮಗಾ," ಎಂದೆ. "ಹಿಮ್ಮಡಿಯಿಂದ. ಎರಡು ಸಲ."

ಅವಳು ಕರೆದಳು. ಮಗು ತಿರುಗಿತು.